ಹಳೆಯ ಎಕ್ಸ್5 ಕೊಂಡ ಮೇಲೆ: ಯಾವ ರಿಪೇರಿ ಮೊದಲು, ಯಾವುದನ್ನು ಹೇಗೆ

ಹೊಸದಾಗಿದ್ದಾಗ ಶೋರೂಮಿನ ಗಾಜಿನಾಚೆ ನಿಂತು ನೋಡುತ್ತಿದ್ದ ಗಾಡಿ ಈಗ ಹೊಸ ಹ್ಯಾಚ್‌ಬ್ಯಾಕ್ ಕಾರಿನ ಬೆಲೆಗೆ ಸಿಗುತ್ತದೆ. ಹಾಗೆ ಕೊಂಡ 2011ರ ಬಿಎಂಡಬ್ಲ್ಯು ಎಕ್ಸ್5 ಡೀಸೆಲ್ ಒಂದನ್ನು ನಾನು ಆರು ವರ್ಷದಿಂದ ಓಡಿಸುತ್ತಿದ್ದೇನೆ. ಮೂಡಿಗೆರೆಯಿಂದ ಬೆಂಗಳೂರಿಗೆ, ಕೆಲವೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿಗೆ. ಇಂಥ ಗಾಡಿ ಕೊಳ್ಳುವವರು ಒಂದು ಲೆಕ್ಕವನ್ನು ಮೊದಲೇ ಹಾಕಿಕೊಂಡಿರಬೇಕು: ವರ್ಷ ಕಳೆದಂತೆ ಗಾಡಿಯ ಬೆಲೆ ಇಳಿದಿದೆ, ಬಿಡಿಭಾಗದ ಬೆಲೆ ಇಳಿದಿಲ್ಲ. ಕೊಂಡ ಬೆಲೆಯ ಕಾಲು ಭಾಗದಷ್ಟು ಹಣವನ್ನು ಮೊದಲ ವರ್ಷದ ಕೆಲಸಕ್ಕೆಂದೇ ತೆಗೆದಿಡಿ. ಅದು ಕೈಯಲ್ಲಿಲ್ಲದಿದ್ದರೆ ಕೊಳ್ಳುವುದನ್ನೇ ಮುಂದೂಡಿ.

ಆರು ವರ್ಷದಲ್ಲಿ ನಾನು ಕಂಡದ್ದು ಇಷ್ಟು: ಈ ಗಾಡಿಯಲ್ಲಿ ದೊಡ್ಡ ಖರ್ಚಿನ ಕೆಲಸಗಳು ಬಹುಪಾಲು ಒಂದು ಸಣ್ಣ, ಅಗ್ಗದ ಭಾಗದಿಂದ ಶುರುವಾಗುತ್ತವೆ. ಕಾಲದಿಂದ ಸವೆದ ಥರ್ಮೋಸ್ಟಾಟ್ (ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಭಾಗ) ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿಯನ್ನು ಕಟ್ಟಿಸುತ್ತದೆ, ಗಾಳಿಯ ಸ್ಪ್ರಿಂಗಿನ ಬಿರಿದ ರಬ್ಬರ್ ಬೆಲ್ಲೋಸ್ ಅದಕ್ಕೆ ಗಾಳಿ ತುಂಬುವ ಕಂಪ್ರೆಸರನ್ನು ಸುಡಿಸುತ್ತದೆ, ನಾಲ್ಕು ಎಲೆ ಸೇರಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಒಂದನ್ನು ನೀರಲ್ಲಿ ಮುಳುಗಿಸುತ್ತವೆ. ಹಾಗಾಗಿ ಕೆಲಸದ ಕ್ರಮವೇ ಮುಖ್ಯ. ಕೆಳಗಿನದು ನಾನು ಅನುಸರಿಸುವ ಕ್ರಮ. ಎಕ್ಸ್5ರ ಎರಡನೇ ಪೀಳಿಗೆಯನ್ನು, ಅಂದರೆ 2006ರಿಂದ 2013ರವರೆಗೆ ತಯಾರಾದ ಇ70 ಮಾದರಿಯನ್ನು, ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಆಡಿ ಕ್ಯೂ7, ಬೆಂಜ್ ಎಂಎಲ್ ಇಟ್ಟುಕೊಂಡವರಿಗೂ ಪರೀಕ್ಷೆಯ ದಾರಿ ಬಹುಮಟ್ಟಿಗೆ ಇದೇ.

ಮೊದಲು ಗಾಡಿಯ ಗುರುತು

ಇ70 ಅಂದರೆ ಒಂದೇ ಗಾಡಿಯಲ್ಲ. 2010ರ ಫೇಸ್‌ಲಿಫ್ಟ್‌ಗಿಂತ, ಅಂದರೆ ಮಾದರಿಯ ಪರಿಷ್ಕರಣೆಗಿಂತ, ಹಿಂದಿನ 3.0 ಡೀಸೆಲ್‌ನಲ್ಲಿ ಎಂ57 ಎಂಜಿನ್ ಮತ್ತು ಝಡ್‌ಎಫ್ ಕಂಪನಿಯ ಆರು ಗೇರಿನ ಆಟೊಮ್ಯಾಟಿಕ್ ಇರುತ್ತದೆ. ಆಮೇಲಿನದರಲ್ಲಿ ಎನ್57 ಎಂಜಿನ್, ಎಂಟು ಗೇರು. ಪೆಟ್ರೋಲ್ ಗಾಡಿಗಳ ಎಂಜಿನ್ ಬೇರೆಯೇ. "ಎಕ್ಸ್5ಗೆ ಥರ್ಮೋಸ್ಟಾಟ್ ಕೊಡಿ" ಎಂದು ಕೇಳಿದರೆ ಅಂಗಡಿಯವನು ಯಾವುದನ್ನೋ ಕೊಟ್ಟು ಕಳಿಸುತ್ತಾನೆ.

ಆರ್‌ಸಿ ಪುಸ್ತಕದಲ್ಲಿ 17 ಅಕ್ಷರದ ಚಾಸಿಸ್ ನಂಬರ್ ಇದೆ. ಅದರ ಕೊನೆಯ ಏಳು ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ. ಅಂತರ್ಜಾಲದಲ್ಲಿ ಸಿಗುವ ಬಿಡಿಭಾಗಗಳ ಕ್ಯಾಟಲಾಗ್‌ಗಳಲ್ಲಿ ಆ ಏಳನ್ನು ಹಾಕಿದರೆ ನಿಮ್ಮ ಗಾಡಿಗೆ ಮಾತ್ರ ಹೊಂದುವ ಚಿತ್ರ, ಮತ್ತು ಪ್ರತಿ ಭಾಗದ 11 ಅಂಕಿಯ ನಂಬರ್ ಸಿಗುತ್ತದೆ. ನಾನು ಯಾವ ಕೆಲಸಕ್ಕೆ ಹೋಗುವ ಮೊದಲೂ ಆ ಪುಟವನ್ನು ಪ್ರಿಂಟ್ ತೆಗೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಮೆಕ್ಯಾನಿಕ್‌ಗೂ ಅನುಕೂಲ, ಬಿಲ್ಲಿನಲ್ಲಿ ಬರೆದ ಭಾಗ ನಿಜಕ್ಕೂ ಬೇಕಿದ್ದುದೇ ಎಂದು ನಮಗೂ ಗೊತ್ತಾಗುತ್ತದೆ.

ಅದೇ ಚಾಸಿಸ್ ನಂಬರ್ ಕೊಟ್ಟು, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬಾಕಿ ಉಳಿದ ರೀಕಾಲ್ (ತಯಾರಿಕೆಯ ದೋಷಕ್ಕೆ ಕಂಪನಿ ಗಾಡಿ ವಾಪಸ್ ಕರೆಸುವುದು) ಏನಾದರೂ ಇದೆಯೇ ಎಂದು ಕೇಳಿ. ಟಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್ ಪ್ರಕರಣದಲ್ಲಿ ಅಮೆರಿಕದಲ್ಲಿ ಇದೇ ಪೀಳಿಗೆಯ ಎಕ್ಸ್5ಗಳನ್ನೂ ವಾಪಸ್ ಕರೆಸಿದ್ದರು. ರೀಕಾಲ್ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಮೂರನೇ ನಾಲ್ಕನೇ ಮಾಲೀಕನ ಕೈಗೆ ಬರುವಷ್ಟರಲ್ಲಿ ಇಂಥ ಸುದ್ದಿ ತಲುಪಿಯೇ ಇರುವುದಿಲ್ಲ.

ಬ್ಯಾಟರಿ ನೋಡದೆ ಸ್ಕ್ಯಾನ್ ಬೇಡ

ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ದೀಪ ಒಟ್ಟಿಗೆ ಹತ್ತಿದ ಕೂಡಲೇ ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತೇವೆ. ಓಡುವ ಮುನ್ನ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ಇರಬೇಕು. ಎಂಜಿನ್ ಓಡುವಾಗ 13.5ರಿಂದ 14.8ರ ನಡುವೆ. 12.2ಕ್ಕಿಂತ ಕೆಳಗಿದ್ದರೆ ಗಾಡಿಯ ಕಂಪ್ಯೂಟರಿನಿಂದ ದೋಷಗಳನ್ನು ಓದುವ ಸ್ಕ್ಯಾನರ್ ತೋರಿಸುವ ತಪ್ಪುಗಳಲ್ಲಿ ಅರ್ಧದಷ್ಟು ಬ್ಯಾಟರಿಯ ಬಲಹೀನತೆಯಿಂದ ಹುಟ್ಟಿದವೇ ಆಗಿರಬಹುದು. ಮೊದಲು ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಸ್ಕ್ಯಾನ್ ಹಾಕಿ.

ಬ್ಯಾಟರಿ ಇರುವುದು ಡಿಕ್ಕಿಯ ನೆಲದಡಿ. ಬದಲಿಸುವಾಗ ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಡುವ ಬಗೆ) ಇದ್ದಲ್ಲಿ ಎಜಿಎಂ ಬ್ಯಾಟರಿಯನ್ನೇ ಹಾಕಬೇಕು, ಅನಿಲ ಹೊರಹೋಗುವ ಸಣ್ಣ ಕೊಳವೆಯನ್ನು ಮರೆಯದೆ ಮತ್ತೆ ಸಿಕ್ಕಿಸಬೇಕು, ಕೊನೆಗೆ ಹೊಸ ಬ್ಯಾಟರಿ ಹಾಕಿದ್ದೇವೆ ಎಂದು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಇದಕ್ಕೆ ಬ್ಯಾಟರಿ ರಿಜಿಸ್ಟ್ರೇಷನ್ ಎನ್ನುತ್ತಾರೆ. ಅದನ್ನು ಮಾಡದಿದ್ದರೆ ಹಳೆಯ ಬ್ಯಾಟರಿಗೆ ಚಾರ್ಜ್ ಮಾಡಿದ ರೀತಿಯಲ್ಲೇ ಹೊಸದಕ್ಕೂ ಮಾಡುತ್ತದೆ, ಹೊಸದರ ಆಯಸ್ಸು ಬೇಗ ತೀರುತ್ತದೆ. ರಸ್ತೆಬದಿಯ ಬ್ಯಾಟರಿ ಅಂಗಡಿಯಲ್ಲಿ ಹಾಕಿಸಿದರೆ ಈ ಕೊನೆಯ ಹೆಜ್ಜೆ ಬಿಟ್ಟುಹೋಗಿರುವುದೇ ಹೆಚ್ಚು.

ಸ್ಕ್ಯಾನರಿನ ವಿಷಯ. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಸಾಮಾನ್ಯ ಒಬಿಡಿ ಸಾಧನಗಳು ಎಂಜಿನ್ ಸಂಬಂಧದ ದೋಷದ ಕೋಡುಗಳನ್ನು ಮಾತ್ರ ಓದುತ್ತವೆ. ಗೇರ್‌ಬಾಕ್ಸ್, ಸಸ್ಪೆನ್ಷನ್, ಟ್ರಾನ್ಸ್‌ಫರ್ ಕೇಸ್ ಎಲ್ಲವನ್ನೂ ಓದಲು ಈ ಕಂಪನಿಗಾಗಿಯೇ ಮಾಡಿದ ಮೊಬೈಲ್ ಆ್ಯಪ್ ಬೇಕು, ಅಥವಾ ಇಸ್ಟಾ ಎಂಬ ಕಂಪನಿಯದೇ ತಂತ್ರಾಂಶ ಇರುವ ಗ್ಯಾರೇಜ್ ಬೇಕು. ಕೋಡುಗಳನ್ನು ಅಳಿಸುವ ಮುನ್ನ ಎಲ್ಲದರ ಫೋಟೊ ತೆಗೆದುಕೊಳ್ಳಿ. ಅಳಿಸಿ, ನೂರು ಕಿಲೋಮೀಟರ್ ಓಡಿಸಿ, ಮತ್ತೆ ಓದಿ. ಮರಳಿ ಬಂದವುಗಳ ಹಿಂದೆ ಮಾತ್ರ ಬೀಳಿ.

ನೀರು ಎಲ್ಲಿಂದ ಬರುತ್ತಿದೆ

ನಮ್ಮ ಕಡೆ ಗಾಡಿ ನಿಲ್ಲುವುದು ಸಿಲ್ವರ್ ಓಕ್ ಮರದಡಿ. ಅದರ ಒಣ ಎಲೆ ನೋಡಿದವರಿಗೆ ಗೊತ್ತು, ಹಕ್ಕಿಯ ಗರಿಯ ಹಾಗೆ ಸೀಳುಸೀಳಾಗಿ ಎಲ್ಲ ಸಂದಿಗೂ ನುಗ್ಗುತ್ತದೆ. ಎರಡನೇ ಮಳೆಗಾಲದಲ್ಲಿ ಒಂದು ದಿನ ಡಿಕ್ಕಿಯ ನೆಲದ ಹಲಗೆ ಎತ್ತಿದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಎರಡು ಬೆರಳು ನೀರು, ಬ್ಯಾಟರಿಯ ಕಾಲು ನೀರಲ್ಲಿ. ಸನ್‌ರೂಫ್ ಸುತ್ತಲಿನ ಕಾಲುವೆಯಿಂದ ನೀರು ಹೊರಹೋಗುವ ಕೊಳವೆಗಳು ಎಲೆಯ ಪುಡಿ, ಧೂಳು ಸೇರಿ ಕೆಸರು ಕಟ್ಟಿ ಮುಚ್ಚಿಹೋಗಿದ್ದವು. ವರ್ಷಕ್ಕೊಮ್ಮೆ ಹತ್ತು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ, ಹೀಗೆ ಮಾಡಿ. ಸನ್‌ರೂಫ್ ಪೂರ್ತಿ ತೆರೆದು ಅಂಚಿನ ಕಾಲುವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಮುಂದಿನ ಎರಡು ಮೂಲೆಯಲ್ಲಿ ಪೆನ್ಸಿಲ್ ದಪ್ಪದ ತೂತು ಕಾಣುತ್ತದೆ. ಒಂದೊಂದಕ್ಕೂ ಅರ್ಧ ಲೋಟ ನೀರು ನಿಧಾನ ಸುರಿದು, ಇನ್ನೊಬ್ಬರನ್ನು ಕೆಳಗೆ ನಿಲ್ಲಿಸಿ ನೋಡಿಸಿ. ನೀರು ಒಂದೇ ಧಾರೆಯಾಗಿ ನೆಲಕ್ಕೆ ಬಿದ್ದರೆ ಸರಿ. ತೊಟ್ಟಿಕ್ಕಿದರೆ ಅಥವಾ ಮೇಲೆಯೇ ನಿಂತರೆ ಕೊಳವೆ ಕಟ್ಟಿದೆ. ಹುಲ್ಲು ಹೊಡೆಯುವ ಮೆಷಿನ್ನಿನ ನೈಲಾನ್ ದಾರ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಅದರ ತುದಿಯನ್ನು ಬೆಂಕಿಗೆ ಹಿಡಿದು ಉಂಡೆ ಮಾಡಿಕೊಂಡು ನಿಧಾನವಾಗಿ ಒಳಗೆ ತಳ್ಳಿ ಎಳೆಯಿರಿ. ಕಂಪ್ರೆಸರ್ ಗಾಳಿ ಮಾತ್ರ ಬಿಡಬೇಡಿ. ಒತ್ತಡಕ್ಕೆ ಕೊಳವೆ ಒಳಗಡೆ ಜೋಡಣೆಯಿಂದ ಕಳಚಿಕೊಂಡರೆ ಛಾವಣಿಯ ಒಳಬಟ್ಟೆ ಇಳಿಸಿಯೇ ಸರಿಮಾಡಬೇಕು. ವೈಪರ್ ಕೆಳಗಿನ ಜಾಲರಿಯ ಎಲೆಗಳನ್ನೂ ಅದೇ ದಿನ ತೆಗೆದುಬಿಡಿ.

ಈಗಾಗಲೇ ನೀರು ನುಗ್ಗಿದ್ದರೆ ಮೇಲಿನ ಕಾರ್ಪೆಟ್ ಒಣಗಿಸಿದರೆ ಆಗುವುದಿಲ್ಲ. ಅದರಡಿಯ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟು ವೈರಿನ ಜೋಡಣೆಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಕಾರ್ಪೆಟ್ ಎತ್ತಿ ಒಣಗಿಸಲೇಬೇಕು. ಇನ್ನೂ ಕೊಳ್ಳುವ ಹಂತದಲ್ಲಿರುವವರು ಸೀಟಿನ ಹಳಿಯ ಬೋಲ್ಟ್‌ಗಳ ತುಕ್ಕನ್ನೂ, ಸ್ಟೆಪ್ನಿ ಗುಂಡಿಯ ಮಣ್ಣಿನ ಗೆರೆಯನ್ನೂ ನೋಡಿ. 2015ರ ಡಿಸೆಂಬರಿನ ಚೆನ್ನೈ ಪ್ರವಾಹದಲ್ಲಿ ಮುಳುಗಿದಂಥ ಗಾಡಿಗಳು ಹೊಳಪು ಹಚ್ಚಿಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ.

ಥರ್ಮೋಸ್ಟಾಟ್ ಮತ್ತು ಡಿಪಿಎಫ್

ಡೀಸೆಲ್ ಎಕ್ಸ್5 ಇಟ್ಟುಕೊಂಡವರು ಹೆಚ್ಚು ಮೋಸಹೋಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಡಿಪಿಎಫ್ ಎಂದರೆ ಹೊಗೆಕೊಳವೆಯಲ್ಲಿರುವ ಮಸಿ ಹಿಡಿಯುವ ಜರಡಿ. ಮಸಿ ತುಂಬಿದಾಗ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಹೊಗೆಯ ಉಷ್ಣಾಂಶವನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಡುತ್ತದೆ. ಇದಕ್ಕೆ ರೀಜೆನರೇಷನ್ ಎಂದು ಹೆಸರು. ಆದರೆ ಎಂಜಿನ್ ಸರಿಯಾಗಿ ಬಿಸಿಯಾಗಿದ್ದರೆ ಮಾತ್ರ ಅದು ಶುರುವಾಗುತ್ತದೆ. ಎಂಜಿನ್ ತಂಪಾಗಿಸುವ ದ್ರವ, ಅಂದರೆ ಕೂಲಂಟ್, 75 ಡಿಗ್ರಿಯ ಆಸುಪಾಸಿಗೂ ಏರದಿದ್ದರೆ ಕಂಪ್ಯೂಟರ್ ಕಾಯುತ್ತಲೇ ಇರುತ್ತದೆ, ಮಸಿ ತುಂಬುತ್ತಲೇ ಇರುತ್ತದೆ.

ನನ್ನ ಗಾಡಿಯಲ್ಲಿ ಪಿಕಪ್ ಕುಸಿದು ಡಿಪಿಎಫ್ ಸೂಚನೆ ಬಂದಾಗ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, "ಡಿಪಿಎಫ್ ಹೋಗಿದೆ ಸಾರ್, ಒಳಗಿಂದು ತೆಗೆದು ಸಾಫ್ಟ್‌ವೇರ್ ಹಾಕ್ಬಿಡೋಣ, ಸಂಜೆಗೆ ಗಾಡಿ ಕೊಡ್ತೀವಿ" ಎಂದರು. ಒಪ್ಪದೆ ಹಾಸನದ ದಾರಿ ಹಿಡಿದೆ. ಮೊಬೈಲನ್ನು ಒಬಿಡಿಗೆ ಜೋಡಿಸಿ ಪಕ್ಕದ ಸೀಟಿನಲ್ಲಿದ್ದ ತಮ್ಮನ ಕೈಗೆ ಕೊಟ್ಟೆ. ಗಂಟೆಗೆ 80ರ ವೇಗದಲ್ಲಿ ಒಂದೇ ಸಮ ಹೋಗುತ್ತಿದ್ದರೂ ಅವನು ಓದಿ ಹೇಳುತ್ತಿದ್ದ ಅಂಕಿ 71, 70, 71. ಸರಿಯಿರುವ ಎಂಜಿನ್ 85ರಿಂದ 90ರ ನಡುವೆ ನಿಲ್ಲಬೇಕು. ವಯಸ್ಸಾದ ಥರ್ಮೋಸ್ಟಾಟ್ ಪೂರ್ತಿ ಮುಚ್ಚಿಕೊಳ್ಳದೆ ಎಂಜಿನ್ನನ್ನು ಸದಾ ತಣ್ಣಗಿಟ್ಟಿತ್ತು. ಥರ್ಮೋಸ್ಟಾಟ್ ಮತ್ತು ಕೂಲಂಟ್ ಬದಲಿಸಿದೆವು. ಮುಂದಿನ ಬೆಂಗಳೂರು ಪ್ರಯಾಣದಲ್ಲೇ ಗಾಡಿ ತಾನಾಗಿ ರೀಜೆನರೇಷನ್ ಮುಗಿಸಿತು. ಡಿಪಿಎಫ್ ಇವತ್ತಿಗೂ ಅದೇ ಇದೆ.

ಹಾಗಾಗಿ ಈ ಕ್ರಮ ತಪ್ಪಿಸಬೇಡಿ. ಮೊದಲು ಕೂಲಂಟ್ ಉಷ್ಣಾಂಶವನ್ನು ಹೈವೇಯಲ್ಲಿ ಅಳೆಯಿರಿ. ಅದು ಸರಿಯಿದ್ದರೆ ಗ್ಲೋ ಪ್ಲಗ್‌ಗಳು, (ತಣ್ಣನೆಯ ಎಂಜಿನ್ನಿನ ಸಿಲಿಂಡರ್ ಬಿಸಿಮಾಡುವವು) ಅವುಗಳ ಕಂಟ್ರೋಲ್ ಯೂನಿಟ್, ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ಡಿಪಿಎಫ್‌ಗೆ ಹೋಗುವ ಒತ್ತಡದ ಸೆನ್ಸರಿನ ಸಣ್ಣ ರಬ್ಬರ್ ಕೊಳವೆ ಇವನ್ನು ನೋಡಿಸಿ. ಎಲ್ಲ ಸರಿಯಾದ ಮೇಲೆ ಮುಕ್ಕಾಲು ಗಂಟೆ ಎರಡು ಸಾವಿರ ಆರ್‌ಪಿಎಂಗೆ ಮೇಲೆ ಇರುವಂತೆ ಒಂದೇ ಹದದಲ್ಲಿ ಓಡಿಸಿ. ಅದರಿಂದಲೂ ಆಗದಿದ್ದರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಮೂಲಕ ಮಾಡಿಸಬಹುದು. ಆಗ ಹೊಗೆಕೊಳವೆ ಕೆಂಡದಂತೆ ಕಾಯುವುದರಿಂದ ಗಾಡಿಯಡಿ ಒಣಹುಲ್ಲು, ತರಗೆಲೆ ಇರಬಾರದು. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಬೂದಿ ತುಂಬಿದ್ದರೆ ಡಿಪಿಎಫ್ ಬಿಚ್ಚಿ ತೊಳೆಸುವುದೊಂದೇ ದಾರಿ. ಕಿತ್ತೆಸೆಯುವುದು ಕಾನೂನಿಗೂ ವಿರುದ್ಧ, ಹಿಂದೆ ಸ್ಕೂಟರಿನಲ್ಲಿ ಬರುವವರ ಶ್ವಾಸಕೋಶಕ್ಕೂ ಅನ್ಯಾಯ.

ಬೆಂಗಳೂರಿನ ಒಳಗೇ ದಿನಕ್ಕೆ ಆರೇಳು ಕಿಲೋಮೀಟರ್ ಓಡಿಸುವವರು ಎಂಜಿನ್ ಆಯಿಲ್ ಮಟ್ಟವನ್ನೂ ಗಮನಿಸಿ. ರೀಜೆನರೇಷನ್ ಅರ್ಧಕ್ಕೆ ನಿಂತಾಗಲೆಲ್ಲ ಸುಡದ ಡೀಸೆಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಇಳಿಯುತ್ತದೆ. ಮಟ್ಟ ಏರುತ್ತಾ ಹೋಗುವುದು ಒಳ್ಳೆಯ ಲಕ್ಷಣವಲ್ಲ, ಕೂಡಲೇ ಬದಲಿಸಿ. ಡಬ್ಬದ ಮೇಲೆ ಲಾಂಗ್‌ಲೈಫ್-04 ಎಂಬ ಅನುಮೋದನೆ ಇರುವ ಆಯಿಲ್ಲೇ ಬೇಕು. ಅದರಲ್ಲಿ ಬೂದಿಯ ಅಂಶ ಕಡಿಮೆ. ಗಾಡಿಯ ಡಿಸ್‌ಪ್ಲೇ 25 ಸಾವಿರ ಕಿಲೋಮೀಟರ್‌ವರೆಗೂ ಕಾಯಲು ಹೇಳಿದರೂ ನಾನು 10 ಸಾವಿರಕ್ಕೆ ಬದಲಿಸುತ್ತೇನೆ.

ಕೂಲಂಟ್ ತುಂಬುವಾಗ ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ಪೆಟ್ರೋಲ್ ಗಾಡಿಯ ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ನೀರಿನ ಪಂಪ್ ವಿದ್ಯುತ್ತಿನದು, ಅದರಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ವಿಧಾನ ಬೇರೆ: ಬ್ಯಾಟರಿಗೆ ಚಾರ್ಜರ್ ಹಾಕಿ, ಎಂಜಿನ್ ಶುರುಮಾಡದೆ ಇಗ್ನಿಷನ್ ಆನ್ ಮಾಡಿ, ಹೀಟರ್ ಗರಿಷ್ಠ ಬಿಸಿಗೆ, ಫ್ಯಾನ್ ಕನಿಷ್ಠಕ್ಕೆ ಇಟ್ಟು, ಆಕ್ಸಿಲರೇಟರನ್ನು ಹತ್ತು ಸೆಕೆಂಡ್ ಪೂರ್ತಿ ಒತ್ತಿ ಹಿಡಿಯಿರಿ. ಪಂಪ್ ಸುಮಾರು 12 ನಿಮಿಷ ತಾನೇ ಓಡಿ ಗಾಳಿಯನ್ನು ಹೊರಹಾಕುತ್ತದೆ. ಮುಗಿದ ಮೇಲೆ ಮಟ್ಟ ನೋಡಿ ತುಂಬಿಸಿ.

ಆಯಿಲ್ ಸೋರಿಕೆ

ಹತ್ತು ವರ್ಷ ದಾಟಿದ ಗಾಡಿಯಲ್ಲಿ ರಬ್ಬರ್ ಪ್ಯಾಕಿಂಗ್‌ಗಳು ಒಣಗಿ ಗಟ್ಟಿಯಾಗಿರುತ್ತವೆ. ಸೋರಿಕೆ ಇದ್ದೇ ಇರುತ್ತದೆ, ಎಲ್ಲಿಂದ ಎಂಬುದೇ ಪ್ರಶ್ನೆ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ; ಹಾಗಾಗಿ ತೊಟ್ಟಿಕ್ಕುವ ಜಾಗ ಸೋರುವ ಜಾಗವಲ್ಲ. ಎಂಜಿನ್ನನ್ನು ಡಿಗ್ರೀಸರ್ ಹಾಕಿ ಒರೆಸಿ, ನೂರಿನ್ನೂರು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಒದ್ದೆಯನ್ನು ಹುಡುಕಿ. ಬಹುಮಟ್ಟಿಗೆ ಅದು ಆಯಿಲ್ ಫಿಲ್ಟರ್ ಹೌಸಿಂಗಿನ ಪ್ಯಾಕಿಂಗ್ ಅಥವಾ ವಾಲ್ವ್ ಕವರಿನ ಪ್ಯಾಕಿಂಗ್ ಆಗಿರುತ್ತದೆ. ಟರ್ಬೊ ಪೈಪಿನ ಜೋಡಣೆಯಲ್ಲಿ ತೆಳ್ಳಗೆ ಎಣ್ಣೆ ಬೆವರಿದಂತಿದ್ದರೆ ಅದಕ್ಕೆ ಹೆದರಬೇಕಿಲ್ಲ.

ಪೆಟ್ರೋಲ್ ಎಂಜಿನ್‌ನಲ್ಲಿ ಫಿಲ್ಟರ್ ಹೌಸಿಂಗ್ ಸೋರಿಕೆಯನ್ನು ಮುಂದೂಡಲೇಬಾರದು. ಆಯಿಲ್ ನೇರ ಬೆಲ್ಟಿನ ಮೇಲೆ ಬೀಳುತ್ತದೆ, ನೆನೆದ ಬೆಲ್ಟ್ ಜಾರಿ ಹರಿದು ಅದರ ಎಳೆಗಳು ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸೀಲಿನೊಳಗೆ ಎಳೆದುಕೊಂಡರೆ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ಡೀಸೆಲ್‌ನಲ್ಲಿ ನೋಡಬೇಕಾದ್ದು ಆ ಪುಲ್ಲಿಯನ್ನೇ. ಒಳ ಉಂಗುರ ಹೊರ ಉಂಗುರಗಳ ನಡುವೆ ರಬ್ಬರ್ ಇದೆ. ಅದು ಬಿರುಕು ಬಿಟ್ಟಿದ್ದರೆ, ಎಂಜಿನ್ ಓಡುವಾಗ ಪುಲ್ಲಿ ಓಲಾಡಿದರೆ, ಬೆಲ್ಟ್, ಟೆನ್ಷನರ್ ಸಮೇತ ಬದಲಿಸಿ. ಕ್ಯಾಟಲಾಗಿನಲ್ಲಿ ಒಂದೇ ಸಲ ಬಳಸಬೇಕು ಎಂದಿರುವ ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಬೇಕು, ಹಳೆಯದನ್ನು ಮತ್ತೆ ಬಿಗಿಯುವ ಚಾಳಿಗೆ ಒಪ್ಪಬೇಡಿ.

ಬೆಳಗ್ಗೆ ಹಿಂಭಾಗ ಕುಸಿದಿದ್ದರೆ

ಅನೇಕ ಇ70ಗಳಲ್ಲಿ ಮುಂದೆ ಉಕ್ಕಿನ ಸ್ಪ್ರಿಂಗ್, ಹಿಂದೆ ಗಾಳಿಯ ಸ್ಪ್ರಿಂಗ್. ನಿಮ್ಮದರಲ್ಲಿ ಇದೆಯೇ ಎಂದು ಹಿಂಚಕ್ರದ ಪಕ್ಕ ಬಗ್ಗಿ ನೋಡಿ, ಕಪ್ಪು ರಬ್ಬರಿನ ಬುಗ್ಗೆಯಂಥದ್ದು ಕಾಣುತ್ತದೆ.

ಸೋರಿಕೆ ಹಿಡಿಯುವುದು ಸುಲಭ. ರಾತ್ರಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂಚಕ್ರದ ನಡುವಿನ ಲೋಗೋದಿಂದ ಮೇಲಿನ ಕಮಾನಿನ ಅಂಚಿನವರೆಗೆ ಟೇಪಿನಲ್ಲಿ ಅಳೆದು ಎಡ ಬಲ ಎರಡನ್ನೂ ಬರೆದುಕೊಳ್ಳಿ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಮತ್ತೆ ಅಳೆಯಿರಿ. ಒಂದು ಬದಿ ಮಾತ್ರ ಇಳಿದಿದ್ದರೆ ಆ ಬದಿಯ ಸ್ಪ್ರಿಂಗ್ ಅಥವಾ ಅದರ ಪೈಪ್. ಎರಡೂ ಸಮನಾಗಿ ಇಳಿದಿದ್ದರೆ ಎರಡೂ ಬದಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಕಡೆ ಅನುಮಾನ. ಆಮೇಲೆ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ರಬ್ಬರಿನ ಮಡಿಕೆಗೂ ಪೈಪಿನ ಬಾಯಿಗೂ ಹೊಡೆಯಿರಿ. ಸೋರುವಲ್ಲಿ ನೊರೆ ಉಬ್ಬುತ್ತದೆ.

ಇದನ್ನು ತಿಂಗಳುಗಟ್ಟಲೆ ಬಿಟ್ಟರೆ ಆಗುವುದೇನೆಂದರೆ, ಸೋರಿದ ಗಾಳಿ ತುಂಬಲು ಕಂಪ್ರೆಸರ್ ಪದೇ ಪದೇ ಓಡಿ ಕಾದು ಸುಟ್ಟುಹೋಗುತ್ತದೆ. ಸ್ಪ್ರಿಂಗ್‌ಗಿಂತ ಅದು ದುಬಾರಿ. ನನ್ನ ಗಾಡಿಯ ಬಲಬದಿ ಹೀಗೆ ಇಳಿದಾಗ ಪರಿಚಯದ ಮೆಕ್ಯಾನಿಕ್ ಹೇಳಿದ ಮಾತು ನೆನಪಿದೆ: "ಸಾರ್, ಒಂದು ಹೋಗಿದೆ ಅಂದ್ರೆ ಇನ್ನೊಂದಕ್ಕೂ ಅಷ್ಟೇ ವಯಸ್ಸು. ಜೋಡಿ ಹಾಕ್ಸಿ, ಕಂಪ್ರೆಸರ್ ಉಳಿಯುತ್ತೆ." ಜೋಡಿ ಹಾಕಿಸಿದೆ, ಕಂಪ್ರೆಸರ್ ಉಳಿಯಿತು. ಹೊಸ ಸ್ಪ್ರಿಂಗಿನ ಜೊತೆ ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇಯನ್ನೂ ಬದಲಿಸಿಬಿಡಿ, ಅದು ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಕೆಲಸ ಮಾಡಿಸುವಾಗ ಎರಡು ಎಚ್ಚರಿಕೆ. ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ಯಾರೂ ತಲೆ ಹಾಕಬಾರದು, ಚಕ್ರ ಮತ್ತು ಕಮಾನಿನ ನಡುವೆ ಕೈಯನ್ನೂ ಇಡಬಾರದು. ಗಾಳಿ ಇಳಿದರೆ ಗಾಡಿ ಸದ್ದಿಲ್ಲದೆ ಕೂರುತ್ತದೆ. ಸ್ಟ್ಯಾಂಡ್ ಕೊಟ್ಟೇ ಕೆಲಸ. ಎರಡನೆಯದು, ಹೊಸ ಸ್ಪ್ರಿಂಗಿಗೆ ಗಾಳಿ ತುಂಬದೆ ಗಾಡಿಯ ಭಾರ ಇಳಿಸಬಾರದು. ಖಾಲಿ ರಬ್ಬರ್ ಅಡ್ಡಾದಿಡ್ಡಿ ಮಡಿಚಿಕೊಂಡು ಮೊದಲ ದಿನವೇ ಹರಿಯುತ್ತದೆ. ಸ್ಕ್ಯಾನರ್ ಮೂಲಕ ಗಾಳಿ ತುಂಬಿಸಿ, ಮಡಿಕೆ ದುಂಡಗೆ ಕೂತಿದೆಯೇ ನೋಡಿ, ಆಮೇಲೆ ನಿಧಾನವಾಗಿ ಇಳಿಸಬೇಕು.

ಗೇರ್‌ಬಾಕ್ಸ್ ಆಯಿಲ್, ಟ್ರಾನ್ಸ್‌ಫರ್ ಕೇಸ್, ಟೈರು

ಗೇರ್‌ಬಾಕ್ಸಿನ ಆಯಿಲ್ ಜೀವನಪರ್ಯಂತ ಬದಲಿಸಬೇಕಿಲ್ಲ ಎಂಬ ಮಾತು ಕೇಳಿರುತ್ತೀರಿ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರಿಗೆ, ಇಲ್ಲವೇ ಎಂಟು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ನಾನು ನಂಬುವುದು ಅದನ್ನೇ. ಆರು ಗೇರಿನದಕ್ಕೆ ಲೈಫ್‌ಗಾರ್ಡ್ 6, ಎಂಟು ಗೇರಿನದಕ್ಕೆ ಲೈಫ್‌ಗಾರ್ಡ್ 8. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ಇವಿಷ್ಟನ್ನು ನೋಡಿ. ಗಾಡಿ ಲಿಫ್ಟ್ ಮೇಲೆ ಸಮತಟ್ಟಾಗಿರಬೇಕು. ಆಯಿಲ್ ಬಿಡುವ ಪ್ಲಗ್‌ಗಿಂತ ಮೊದಲು ತುಂಬುವ ಪ್ಲಗ್ ಸಡಿಲಿಸಬೇಕು. ಎಲ್ಲ ಖಾಲಿಯಾದ ಮೇಲೆ ತುಂಬುವ ಪ್ಲಗ್ ಬಿಚ್ಚಲು ಬಾರದಿದ್ದರೆ ಗಾಡಿ ಅಲ್ಲೇ ನಿಂತಿತು. ಕೆಳಗಿನ ಪ್ಲಾಸ್ಟಿಕ್ ಪ್ಯಾನಿನಲ್ಲೇ ಫಿಲ್ಟರ್ ಅಡಕವಾಗಿದೆ, ಪ್ಯಾನನ್ನೇ ಹೊಸದು ಹಾಕಬೇಕು, ಬೋಲ್ಟ್‌ಗಳನ್ನು ಎದುರುಬದುರು ಕ್ರಮದಲ್ಲಿ 10 ನ್ಯೂಟನ್ ಮೀಟರಿಗೆ. ಆರು ಗೇರಿನದರಲ್ಲಿ ವೈರ್ ಪ್ಲಗ್ ಒಳಹೋಗುವಲ್ಲಿನ ಸೋರದಂತೆ ತಡೆಯುವ ಕೊಳವೆಯಂಥ ಸ್ಲೀವ್ ಅನ್ನೂ ಅದೇ ಹೊತ್ತಿಗೆ ಬದಲಿಸಿ, ಸೋರುವುದು ಸಾಮಾನ್ಯವಾಗಿ ಅಲ್ಲಿಂದಲೇ. ಉಕ್ಕುವವರೆಗೆ ತುಂಬಿ, ಎಂಜಿನ್ ಶುರುಮಾಡಿ, ಬ್ರೇಕ್ ಒತ್ತಿ ಒಂದೊಂದೇ ಗೇರಿಗೆ ಹಾಕಿ, ಆಯಿಲಿನ ಬಿಸಿ ಸ್ಕ್ಯಾನರಿನಲ್ಲಿ 30ರಿಂದ 50 ಡಿಗ್ರಿಯ ನಡುವೆ ಇರುವಾಗ, ಎಂಜಿನ್ ಓಡುತ್ತಿರುವಾಗಲೇ ಮತ್ತೆ ತುಂಬಿ, ಹೆಚ್ಚಾದದ್ದು ಸಣ್ಣ ಧಾರೆಯಾಗಿ ಹೊರಬಂದ ಮೇಲೆ ಪ್ಲಗ್ ಮುಚ್ಚಬೇಕು. ಉಷ್ಣಾಂಶ ನೋಡದೆ ಲೀಟರ್ ಲೆಕ್ಕದಲ್ಲಿ ತುಂಬಿಸುವವರ ಹತ್ತಿರ ಈ ಕೆಲಸ ಬೇಡ.

ಟ್ರಾನ್ಸ್‌ಫರ್ ಕೇಸ್ ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ. ಅದರ ಆಯಿಲ್ ಒಂದು ಲೀಟರಿನ ಆಸುಪಾಸು ಅಷ್ಟೇ, ಬದಲಿಸಿದ ಮೇಲೆ ಸ್ಕ್ಯಾನರಿನಲ್ಲಿ ರೀಸೆಟ್ ಮಾಡಿಸಬೇಕು. ನಿಧಾನ ವೇಗದಲ್ಲಿ ತಿರುಗಿಸುವಾಗ ಗಾಡಿ ತಡೆದು ತಡೆದು ನಡುಗಿದರೆ ಈ ಆಯಿಲ್ ಮೊದಲ ಅನುಮಾನ, ಟೈರು ಎರಡನೆಯದು. ಸವೆದ ಎರಡು ಟೈರಿನ ಜೊತೆ ಹೊಸ ಎರಡು, ಅಥವಾ ಬೇರೆ ಬೇರೆ ಕಂಪನಿಯ ಟೈರು ಹಾಕಿದರೆ ಚಕ್ರಗಳ ಸುತ್ತಳತೆ ಬದಲಾಗುತ್ತದೆ, ಒಳಗಿನ ಕ್ಲಚ್ ಬಿಡುವಿಲ್ಲದೆ ಉಜ್ಜಿ ಸವೆಯುತ್ತದೆ. ನಾಲ್ಕನ್ನೂ ಒಟ್ಟಿಗೆ, ಒಂದೇ ಮಾದರಿಯದು ಹಾಕಿಸಿ. ಚಕ್ರದ ಬೋಲ್ಟ್ ಬಿಗಿತ 140 ನ್ಯೂಟನ್ ಮೀಟರ್. ಏರ್ ಗನ್‌ನಲ್ಲಿ ಹೊಡೆದು ಬಿಡುವವರಿಗೆ ಕೊನೆಗೆ ಟಾರ್ಕ್ ರೆಂಚ್ ಹಿಡಿಯಲು ಹೇಳಿ.

ಮುಂದಿನ ಬುಶ್, ಬ್ರೇಕ್, ಇಲಿ

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬದಲಿಸುವ ಮೊದಲು ಮುಂದಿನ ಚಕ್ರಗಳನ್ನು ಗಾಡಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ರಬ್ಬರ್ ಬುಶ್ ನೋಡಿಸಿ. ನಮ್ಮ ರಸ್ತೆಯ ಗುಂಡಿಗಳು ಅವನ್ನು ಬೇಗ ಹರಿಯುತ್ತವೆ. ಹೊಸದನ್ನು ಹಾಕುವಾಗ ಬುಶ್ ಬೋಲ್ಟಿನ ಕೊನೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ಕೂತ ಎತ್ತರದಲ್ಲೇ ಆಗಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್.

ಬ್ರೇಕ್ ಪ್ಯಾಡಿನ ಜೊತೆ ಸವೆತದ ಸೆನ್ಸರ್ ಕೂಡ ಹೊಸದು ಬೇಕು, ಮುಂದೆ ಎಡಕ್ಕೊಂದು, ಹಿಂದೆ ಬಲಕ್ಕೊಂದು. ಹ್ಯಾಂಡ್‌ಬ್ರೇಕ್ ಡಿಸ್ಕಿನೊಳಗಿನ ಬೇರೆ ಶೂಗಳ ಮೇಲೆ ಕೆಲಸ ಮಾಡುವುದರಿಂದ ಹಿಂದಿನ ಪ್ಯಾಡ್ ಬದಲಿಸುವುದು ಕಷ್ಟವಲ್ಲ, ಮನೆಯಲ್ಲೇ ಆಗುವ ಕೆಲಸ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಹಳ್ಳಿಯಲ್ಲಿ ನಿಲ್ಲಿಸುವವರಿಗೆ ಇಲಿಯ ಕಾಟ ದೊಡ್ಡದು. ವೈರ್ ಕಡಿದರೆ ಸ್ಕ್ಯಾನರ್ ಸೆನ್ಸರ್ ಹೋಗಿದೆ ಎನ್ನುತ್ತದೆ, ನಾವು ಸೆನ್ಸರ್ ಕೊಳ್ಳುತ್ತೇವೆ. ಯಾವುದೇ ಸೆನ್ಸರ್ ಬದಲಿಸುವ ಮೊದಲು ಅದರ ವೈರನ್ನು ಕೈಯಲ್ಲಿ ಸವರಿ ನೋಡಿ. ನಾವು ಹೊಗೆಸೊಪ್ಪಿನ ಎಲೆ ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಅಡಿ ಬಿಸಿ ತಾಗದ ಜಾಗದಲ್ಲಿ ಇಡುತ್ತೇವೆ, ತಿಂಗಳಿಗೊಮ್ಮೆ ಬದಲಿಸುತ್ತೇವೆ. ಎರಡು ದಿನಕ್ಕೊಮ್ಮೆ ಬಾನೆಟ್ ತೆಗೆದು ನೋಡುವುದು ಅದಕ್ಕಿಂತ ಒಳ್ಳೆಯದು.

ಬಿಡಿಭಾಗ ಮತ್ತು ಗ್ಯಾರೇಜ್

ಕಂಪನಿಯ ಪೊಟ್ಟಣದಲ್ಲಿ ಬರುವ ಅನೇಕ ಭಾಗಗಳನ್ನು ಮಾಡುವವರು ಬೇರೆಯವರು. ಅವರದೇ ಪೊಟ್ಟಣದಲ್ಲಿ ಕೊಂಡರೆ ಕಡಿಮೆಗೆ ಸಿಗುತ್ತದೆ: ಸಸ್ಪೆನ್ಷನ್ ಆರ್ಮ್‌ಗೆ ಲೆಮ್‌ಫೋರ್ಡರ್, ಥರ್ಮೋಸ್ಟಾಟ್‌ಗೆ ಮಾಹ್ಲೆ, ಪ್ಯಾಕಿಂಗ್‌ಗೆ ಎಲ್ರಿಂಗ್ ಅಥವಾ ವಿಕ್ಟರ್ ರೈನ್ಜ್, ಫಿಲ್ಟರ್‌ಗೆ ಮಾನ್, ಇಂಜೆಕ್ಟರ್‌ಗೆ ಬಾಷ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಂಬರ್ ತೋರಿಸಿ ಕೇಳಿ, ಬಿಲ್ಲಿನಲ್ಲಿ ಅದೇ ನಂಬರ್ ಬರೆಸಿಕೊಳ್ಳಿ. ನಂಬರ್ ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಹೊರಬನ್ನಿ.

ಶಿವಾಜಿನಗರದ ಗುಜರಿಯಲ್ಲಿ ಸಿಗುವ ಹಳೆಯ ಭಾಗಗಳಲ್ಲಿ ಕನ್ನಡಿ, ಬಾಗಿಲ ಹಿಡಿ, ಒಳಗಿನ ಪ್ಲಾಸ್ಟಿಕ್, ದೀಪ ಇವನ್ನು ಧೈರ್ಯವಾಗಿ ಕೊಳ್ಳಬಹುದು. ಏರ್ ಸ್ಪ್ರಿಂಗ್, ಬ್ರೇಕ್ ಭಾಗ, ಏರ್‌ಬ್ಯಾಗ್ ಎಂದಿಗೂ ಬೇಡ. ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಮೂಲ ಗಾಡಿಯ ಚಾಸಿಸ್ ನಂಬರಿಗೆ ಬೆಸೆದಿರುತ್ತವೆ. ಅವನ್ನು ನಿಮ್ಮ ಗಾಡಿಗೆ ಹೊಂದಿಸುವ ಕೋಡಿಂಗ್ ಮಾಡಿಕೊಡುವವರು ಸಿಗುವ ತನಕ ಮುಟ್ಟಬೇಡಿ.

ಗ್ಯಾರೇಜಿಗೆ ಹೋದಾಗ ಭಾಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. "ಥರ್ಮೋಸ್ಟಾಟ್ ಹಾಕಿ" ಅಂದರೆ ಅದನ್ನು ಹಾಕಿ ಕಳಿಸುತ್ತಾರೆ, ತೊಂದರೆ ಹೋಗದಿದ್ದರೆ ಹೊಣೆ ನಿಮ್ಮದು. "80ರಲ್ಲಿ ಹೋಗುವಾಗ ಕೂಲಂಟ್ 71ಕ್ಕೆ ನಿಲ್ಲುತ್ತದೆ, ಏನೆಂದು ಕಂಡುಹಿಡಿಯಿರಿ" ಅಂದರೆ ಹೊಣೆ ಅವರದು. ತೆಗೆದ ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ.

ಚೈನಿನ ಸದ್ದು

ಎನ್57 ಡೀಸೆಲ್‌ನಲ್ಲಿ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಯಿಸುವ ಟೈಮಿಂಗ್ ಚೈನ್ ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗಿದೆ. ಅದನ್ನು ತಲುಪಲು ಗೇರ್‌ಬಾಕ್ಸ್ ಇಳಿಸಲೇಬೇಕು, ಹೆಚ್ಚಿನವರು ಎಂಜಿನ್ನನ್ನೇ ಹೊರತೆಗೆಯುತ್ತಾರೆ. ಚೈನ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ: ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ತೆಗೆದು, ಮನೆಯವರಲ್ಲಿ ಯಾರಿಗಾದರೂ ಸ್ಟಾರ್ಟ್ ಮಾಡಲು ಹೇಳಿ ನೀವು ಗಾಜಿನ ಪಕ್ಕ, ಎಂಜಿನ್ನಿನ ಹಿಂತುದಿಯಲ್ಲಿ ಕಿವಿಗೊಟ್ಟು ನಿಲ್ಲಿ. ಡೀಸೆಲ್ಲಿನ ಟಕಟಕ ಸಹಜ. ಅದರೊಳಗೆ ಒಣ ಸರಪಳಿಯನ್ನು ಡಬ್ಬದಲ್ಲಿ ಅಲ್ಲಾಡಿಸಿದಂಥ ಸದ್ದು ಹಿಂದಿನಿಂದ ಬಂದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಗಾಡಿಯನ್ನು ಆಫ್ ಮಾಡಿ, ಟ್ರಕ್ಕಿನ ಮೇಲೇರಿಸಿ ಗ್ಯಾರೇಜಿಗೆ ಕಳಿಸಿ. ಓಡಿಸಿಕೊಂಡು ಹೋಗಬೇಡಿ.

ಆ ಕೆಲಸದ ಅಂದಾಜು ಬಂದಾಗ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ: ಅಂದಾಜಿನ ಮೊತ್ತ, ಮತ್ತು ರಿಪೇರಿ ಆದ ಮೇಲೆ ಗಾಡಿಗೆ ಸಿಗಬಹುದಾದ ಬೆಲೆ. ಮೊದಲನೆಯದು ಎರಡನೆಯದರ ಅರ್ಧ ದಾಟಿದ್ದರೆ, ಮತ್ತು ಏರ್ ಸ್ಪ್ರಿಂಗ್, ಗೇರ್‌ಬಾಕ್ಸ್ ಆಯಿಲ್, ಬುಶ್ ಇವೆಲ್ಲ ಇನ್ನೂ ಬಾಕಿಯಿದ್ದರೆ, ದೋಷವನ್ನು ಮುಚ್ಚಿಡದೆ ಹೇಳಿ ಇದ್ದ ಸ್ಥಿತಿಯಲ್ಲೇ ಮಾರುವುದು ಸರಿ. ಬಾಕಿಯೆಲ್ಲ ಆಗಲೇ ಮುಗಿದಿದ್ದರೆ ನಾನಾದರೆ ಚೈನ್ ಹಾಕಿಸುತ್ತೇನೆ, ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುವಾಗ ಕ್ರ್ಯಾಂಕಿನ ಹಿಂದಿನ ಸೀಲನ್ನೂ ಜೊತೆಗೇ ಬದಲಿಸಲು ಹೇಳುತ್ತೇನೆ.